ಅಣ್ಣ ಕಲೋನ್‌ನಲ್ಲಿ ತಪ್ಪಿಸಿಕೊಂಡ ದಿನ

ಬ್ರಸೆಲ್ಸ್
೮ ಜೂನ್ ೨೦೨೪

ಪ್ರೀತಿಯ ವಿಜಯಲಕ್ಷ್ಮಿಗೆ,

ನಿನ್ನ ವೈನಿ ಸುನಂದಾ ಮಾಡುವ ಆಶೀರ್ವಾದಗಳು. ಹೋಟೆಲಿನ ಹಾಳೆಯ ಮೇಲೆ ಬರೆದು, ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ಮುಗಿಯುತ್ತಿತ್ತಲ್ಲ ಎಂದು ನೀನು ಅನ್ನಬಹುದು. ಹೇಗೆ ಮಾಡಲಿ? ಒಂದೇ ಕೋಣೆ, ಎರಡು ಮಂಚ, ನಡುವೆ ಗೇಣು ಜಾಗ. ನಿನ್ನ ಹೆಸರು ನನ್ನ ಬಾಯಿಂದ ಬಂತೆಂದರೆ ನಿಮ್ಮಣ್ಣ ಎದ್ದು ಹೊರಗೆ ಹೋಗುತ್ತಾರೆ. ಸಿಂದಗಿಯಲ್ಲಾದರೆ ಚಹಾದಂಗಡಿಯಲ್ಲಿ ಕೂತು ಬರುತ್ತಾರೆ, ಈ ಪರದೇಶದಲ್ಲಿ ಎಲ್ಲಿಗೆ ಹೋದಾರು? ಇಷ್ಟು ವರ್ಷ ನೀನು ನನ್ನ ಶಾಲೆಯ ವಿಳಾಸಕ್ಕೆ ಬರೆದೆ, ನಾನು ಮಕ್ಕಳನ್ನು ಆಟಕ್ಕೆ ಬಿಟ್ಟು ಅಲ್ಲೇ ಉತ್ತರ ಬರೆದೆ. ಈಗ ಶಾಲೆಯಿಂದ ನಿವೃತ್ತಿಯಾದರೂ ಆ ರೂಢಿ ಬಿಟ್ಟಿಲ್ಲ.

ಪ್ರವಾಸ ಚೆನ್ನಾಗಿದೆ. ಸೋಲಾಪುರದ ಕಂಪನಿಯಾದ್ದರಿಂದ ಬಸ್ಸಿನ ತುಂಬ ಮರಾಠಿ, ಅದರ ನಡುವೆ ನಮ್ಮ ಇಂಡಿ, ವಿಜಯಪುರದ ಕಡೆಯವರ ಕನ್ನಡ. ಟೂರ್ ಮ್ಯಾನೇಜರ್ ಶ್ರೀವಲ್ಲಭ ಇಂಡಿಯವನೇ. ಮನೆಯಲ್ಲಿ ಮರಾಠಿಯಂತೆ, ನಮ್ಮ ಜೊತೆ ನಮ್ಮ ಮಾತು. ಊಟಕ್ಕೆ ಅನ್ನ-ಸಾರು ಸಿಗುತ್ತದೆ. ನಾನು ತಂದ ಖಡಕ್ ರೊಟ್ಟಿ ಪ್ಯಾರಿಸ್ಸಿನಲ್ಲೇ ಖಾಲಿಯಾಯಿತು. ಇಡೀ ಬಸ್ಸು ತಿಂದಿತು.

ನಿಮ್ಮಣ್ಣನದೇ ಚಿಂತೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಹಾಯುದ್ಧದ ಪಾಠ ಹೇಳಿ ಹೇಳಿ ಜೀವ ಸವೆಸಿದವರು, ಆ ಊರುಗಳನ್ನು ಒಮ್ಮೆ ಕಣ್ಣಿನಿಂದ ನೋಡಬೇಕೆಂದು ಆಸೆ ಪಟ್ಟವರು ಅವರೇ. ಈಗ ನೋಡಿದರೆ ಯಾವುದರ ಎದುರಿಗೂ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಸೀಟು ಬದಲಿಸುತ್ತಾರೆ. ಬೆಳಗಾಗುವ ಮುಂಚೆ ಎದ್ದು ಹೋಟೆಲಿನ ಓಣಿಯಂಥ ವರಾಂಡದಲ್ಲಿ ಅಡ್ಡಾಡುತ್ತಾರೆ. ಏನಾಗಿದೆ ಎಂದು ಕೇಳಿದರೆ "ಏನಿಲ್ಲ, ಕಾಲು ಜೋಮು ಹಿಡದಾವ" ಎನ್ನುತ್ತಾರೆ.

ನಾಡಿದ್ದು ಜರ್ಮನಿಯ ಕಲೋನ್. ಇಡೀ ದಿನ ಅಲ್ಲೇ.

ಮಗಳ ಮದುವೆಯ ಮಾತು ಎಲ್ಲಿಗೆ ಬಂತು? ಮುದ್ದೇಬಿಹಾಳದ ಬೀಗರು ಶ್ರಾವಣದ ಮುಹೂರ್ತ ಒಪ್ಪಿದರೇ? ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಸೋದರಮಾವ ಬದುಕಿರುವಾಗ ಅವನ ಜಾಗದಲ್ಲಿ ಬೇರೆಯವರನ್ನು ನಿಲ್ಲಿಸಬಾರದು.

ನಿನ್ನ
ವೈನಿ


ಬಸವನ ಬಾಗೇವಾಡಿ
೯ ಜೂನ್ ೨೦೨೪

ವೈನಿಯವರಿಗೆ ನಮಸ್ಕಾರಗಳು.

ಪತ್ರ ಮುಟ್ಟಿತು. ಇವತ್ತು ರವಿವಾರ, ಅಂಗಡಿಗೆ ಬಂದವರು ಕಡಿಮೆ. ಸೀರೆಗಳ ಗಂಟು ಬಿಚ್ಚಿ ಮತ್ತೆ ಕಟ್ಟಿ, ಕೈ ಸುಮ್ಮನಿರಲಾರದೆ ಬರೆಯಲು ಕೂತೆ.

ಮುಹೂರ್ತ ಗಟ್ಟಿಯಾಯಿತು. ಬೀಗರು ಒಳ್ಳೆಯವರು. ಸೋದರಮಾವನ ಜಾಗಕ್ಕೆ ಮಸೂತಿ ಊರಿನ ಖಂಡೆಪ್ಪ ಕಾಕಾನ ಮಗ ಸಂಗಮೇಶ ನಿಲ್ಲುತ್ತಾನೆ. ಅದೂ ಗಟ್ಟಿಯಾಗಿದೆ. ನೀವು ಬರುತ್ತೀರಿ, ಹೆಣ್ಣಿನ ಕಡೆಯ ಹಿರಿಯರಾಗಿ ಮುಂದೆ ನಿಲ್ಲುತ್ತೀರಿ. ಅವನ ಮಾತು ಎತ್ತಬೇಡಿರಿ.

ನೀವು ಮದುವೆಯಾಗಿ ಬಂದಾಗಿನಿಂದ ನನ್ನನ್ನು ತಂಗಿಯಂತೆ ನೋಡಿದ್ದೀರಿ. ಆದರೆ ಅಂದು ನನ್ನ ತವರು ಕೊಲ್ಹಾರದಲ್ಲಿ ನೀವು ಇರಲಿಲ್ಲ, ಸಿಂದಗಿಯಲ್ಲಿ ಇದ್ದಿರಿ. ನಾನು ಇದ್ದೆ. ಊರು ಮುಳುಗುತ್ತದೆ ಎಂದು ವರ್ಷಗಟ್ಟಲೆ ಹೇಳಿ ಹೇಳಿ ಕಡೆಗೂ ಅಣೆಕಟ್ಟಿನ ಹಿನ್ನೀರು ಹೊಳೆಯ ಮೆಟ್ಟಿಲು ದಾಟಿ ಓಣಿಯ ಬಾಯಿಗೆ ಬಂದಿತ್ತು. ಮನೆಯನ್ನು ಕಡೇ ಸಲ ನೋಡೋಣವೆಂದು ನಾನು ಬೆಳಗಿನ ಬಸ್ಸಿಗೆ ಹೋಗಿದ್ದೆ. ಓಣಿಯ ಮುದುಕಿಯರೆಲ್ಲ ವಿಭೂತಿ ಮುಟ್ಟಿ, ನೆರೆಮನೆಯ ಜುಲ್ಫಿಕರನ ತಾಯಿ ತಮ್ಮ ದರ್ಗಾದ ಕಡೆ ಕೈ ಮಾಡಿ, ಇಲ್ಲಿಂದ ಏಳುವುದಿಲ್ಲ ಎಂದು ಆಣೆ ಹಾಕಿದ್ದರು. ಅವರಿಗೆಲ್ಲ ಮುಂದಾಳು ನಮ್ಮವ್ವ. ಸಿದ್ದವ್ವ ಎದ್ದರೆ ಎದ್ದೇವು ಎನ್ನುತ್ತಿದ್ದರು.

ನಿಮ್ಮ ಗಂಡ ಜೀಪು ತಂದ. ಕಟ್ಟೆಯ ಮೇಲೆ ಕೂತಿದ್ದ ಅವ್ವನನ್ನು ಒಂದು ಮಾತು ಕೇಳದೆ ಜೋಳದ ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡ. ಅವಳು ಅವನ ಬೆನ್ನಿಗೆ ಗುದ್ದಿದಳು. "ಬಿಡೋ, ನನ್ನ ಹೊಳೀನ ನನ್ನ ತಿನ್ನಲಿ, ಬಿಡೋ" ಎಂದು ಚೀರಿದಳು. ಇಡೀ ಓಣಿ ನೋಡುತ್ತಿತ್ತು. ನಾನು ಜೀಪಿನ ಹಿಂದೆ ಓಡಿ ಎಡವಿ ಬಿದ್ದೆ. ಅವನು ತಿರುಗಿ ನೋಡಲಿಲ್ಲ. ಮೂರನೇ ದಿನ ಸರಕಾರ ಕೊಟ್ಟ ತಗಡಿನ ಶೆಡ್ಡಿನಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು, ಬಾಯಿ ಬಿದ್ದು ಮಾತು ಹೋಯಿತು. ಮುಂದಿನ ತಿಂಗಳು ಅವಳೇ ಇಲ್ಲ. "ನೀ ಅವ್ವನ ಕೊಂದಿ" ಎಂದು ನಾನು ಅವನ ಮುಖದ ಮೇಲೆಯೇ ಅಂದೆ. ಅಲ್ಲ ಎನ್ನಲಿಲ್ಲ. ಅಲ್ಲ ಅನ್ನುವವನಾದರೆ ಅಂದೇ ಅನ್ನುತ್ತಿದ್ದ.

ಊರು ನೋಡಿರಿ, ಆರಾಮಾಗಿರಿ. ಸ್ವೆಟರ್ ಹಾಕಿಕೊಳ್ಳಿರಿ.

ನಿಮ್ಮ
ವಿಜಯಲಕ್ಷ್ಮಿ


ಕಲೋನ್
೧೧ ಜೂನ್ ೨೦೨೪, ಬೆಳಿಗ್ಗೆ

ಪ್ರೀತಿಯ ವಿಜಯಲಕ್ಷ್ಮಿಗೆ,

ನಿನ್ನೆ ಕಲೋನ್ ನೋಡಿದೆವು. ಎಷ್ಟು ದೊಡ್ಡ ಚರ್ಚು ಎನ್ನುತ್ತೀ, ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಅದೇ. ಎರಡು ಗೋಪುರ. ತುದಿ ನೋಡಲು ಹೋಗಿ ಇಂಡಿಯ ಒಬ್ಬ ಹೆಣ್ಣುಮಗಳು ಹಿಂದಕ್ಕೆ ವಾಲಿ ಇನ್ನೇನು ಬೀಳುವುದರಲ್ಲಿದ್ದಳು. ಕಲ್ಲೆಲ್ಲ ಒಲೆಯ ಹಿಂದಿನ ಗೋಡೆಯ ಹಾಗೆ ಕಪ್ಪಾಗಿದೆ. ಕಟ್ಟಲು ಆರುನೂರು ವರ್ಷಕ್ಕೂ ಹೆಚ್ಚು ಹಿಡಿಯಿತಂತೆ. ಒಳಗೆ ಬಣ್ಣದ ಗಾಜಿನ ಕಿಟಕಿಗಳು, ನೆಲದ ಮೇಲೆ ಕೆಂಪು ನೀಲಿ ಬೆಳಕು. ನಾನೂ ಒಂದು ಮೇಣದ ಬತ್ತಿ ಹಚ್ಚಿದೆ.

ಹೊಳೆಯ ಹೆಸರು ರೈನ್. ನಮ್ಮ ಕೊಲ್ಹಾರದ ಸೇತುವೆಯಿಂದ ಕಾಣುವ ನೀರಿನಷ್ಟು ಅಗಲವಿಲ್ಲ, ಆದರೆ ಇದು ಓಡುವ ನೀರು. ಅದರ ಮೇಲಿನ ರೈಲು ಸೇತುವೆಯ ಕಂಬಿಗೆ ಸಾವಿರಾರು ಕೀಲಿಗಳು. ಪ್ರೀತಿ ಮಾಡಿದವರು ಇಬ್ಬರ ಹೆಸರು ಬರೆದು ಕೀಲಿ ಹಾಕಿ, ಕೀಲಿಕೈಯನ್ನು ಹೊಳೆಗೆ ಎಸೆಯುತ್ತಾರಂತೆ. ಮನಸ್ಸು ಬದಲಾದರೆ ಏನು ಮಾಡುತ್ತಾರೆ ಎಂದು ಶ್ರೀವಲ್ಲಭನನ್ನು ಕೇಳಿದೆವು. ಅವನು ನಕ್ಕ. ಇಲ್ಲಿಯ ಸುಗಂಧದ ನೀರು ಜಗತ್ಪ್ರಸಿದ್ಧವಂತೆ. ನಿನಗೊಂದು ಸಣ್ಣ ಸೀಸೆ ತಂದಿದ್ದೇನೆ.

ದೋಣಿ ವಿಹಾರವೂ ಆಯಿತು. ನಿಮ್ಮಣ್ಣನೂ ಎಲ್ಲ ನೋಡಿದರು. ಸಂತೋಷವಾಗಿದ್ದಾರೆ. ಫೋಟೋ ಕಳಿಸುತ್ತಿದ್ದೇನೆ.

ಇನ್ನೇನು ಬಸ್ಸು ಬಿಡುತ್ತದೆ.

ನಿನ್ನ
ವೈನಿ


ಬಸವನ ಬಾಗೇವಾಡಿ
೧೧ ಜೂನ್ ೨೦೨೪, ಸಂಜೆ

ವೈನಿ,

ನಿಮಗೆ ಸುಳ್ಳು ಬರೆಯಲು ಬರುವುದಿಲ್ಲ. ಇಷ್ಟು ವರ್ಷದ ಪತ್ರಗಳಲ್ಲಿ ನೀವು ಇಷ್ಟು ನೆಟ್ಟಗೆ ಊರಿನ ವರ್ಣನೆ ಬರೆದಿದ್ದನ್ನು ನಾನು ನೋಡಿಲ್ಲ, ಶಾಲೆಯ ಮಕ್ಕಳಿಗೆ ನಿಬಂಧ ಬರೆಸಿದ ಹಾಗಿದೆ. ಚರ್ಚಿನ ಎದುರಿನ ಫೋಟೋದಲ್ಲಿ ಅಣ್ಣ ಇದ್ದಾನೆ. ಆಮೇಲೆ ಸುಗಂಧದ ಅಂಗಡಿ, ಸೇತುವೆ, ದೋಣಿ, ಯಾವುದರಲ್ಲೂ ಇಲ್ಲ. ದೋಣಿಯ ಫೋಟೋದಲ್ಲಿ ನೀವೂ ಇಲ್ಲ. ಕಡೆಯದರಲ್ಲಿ ಬಸ್ಸಿನೊಳಗೆ ನೀವಿಬ್ಬರೂ ಇದ್ದೀರಿ, ನಿಮ್ಮ ಕಣ್ಣು ಬಾತಿವೆ.

ಏನಾಯಿತು? ಬಿ.ಪಿ. ಹೆಚ್ಚಾಯಿತೇ? ಗುಳಿಗೆ ನುಂಗುವುದನ್ನು ಮರೆಯುತ್ತಾನೆ ಎಂದು ನೀವೇ ಒಮ್ಮೆ ಬರೆದಿದ್ದಿರಿ. ಯಾರ ಜೊತೆಯಾದರೂ ಜಗಳಾಡಿದನೇ? ಹೇಳದೆ ಕೇಳದೆ ಎದ್ದು ಹೋಗುವುದು ಅವನ ಹಳೆಯ ಚಾಳಿ.

ಕೇಳಿದೆ ಅಷ್ಟೇ. ನನಗೇನು?

ಮಧ್ಯಾಹ್ನದಿಂದ ಗಿರಾಕಿಗಳಿಗೆ ತಪ್ಪು ಬಣ್ಣದ ಬ್ಲೌಸ್ ಪೀಸು ಕೊಡುತ್ತಿದ್ದೇನೆ. ಬೇಗ ಬರೆಯಿರಿ.

ವಿಜಯಲಕ್ಷ್ಮಿ


ಹೈಡೆಲ್‌ಬರ್ಗ್
೧೨ ಜೂನ್ ೨೦೨೪

ಪ್ರೀತಿಯ ವಿಜಯಲಕ್ಷ್ಮಿಗೆ,

ಹೌದು, ಸುಳ್ಳು ಬರೆದೆ. ನಿಮ್ಮಣ್ಣ ಕಲೋನ್‌ನಲ್ಲಿ ತಪ್ಪಿಸಿಕೊಂಡಿದ್ದರು. ನಿನಗೆ ಹೇಳುವುದೋ ಬೇಡವೋ ಎಂದು ತಿಳಿಯಲಿಲ್ಲ. ಈಗ ಪೂರ್ತಿ ಬರೆಯುತ್ತೇನೆ, ಸಮಾಧಾನದಿಂದ ಓದು.

ಚರ್ಚಿನ ಅಂಗಳದಲ್ಲಿ ಶ್ರೀವಲ್ಲಭ ಒಂದು ಹಳೆಯ ಫೋಟೋ ತೋರಿಸಿದ. ಯುದ್ಧದಲ್ಲಿ ಬಾಂಬು ಬಿದ್ದು ಊರು ನೆಲಸಮವಾಗಿದೆ, ಸುತ್ತ ಕಲ್ಲಿನ ರಾಶಿ, ನಡುವೆ ಈ ಎರಡು ಗೋಪುರ. ಜನ ನೆಲಮಾಳಿಗೆಗಳಲ್ಲಿ ಬದುಕಿದರು, ಹೋದವರೂ ತಿರುಗಿ ಬಂದು ಹಳೆಯ ಓಣಿಗಳ ಮೇಲೆಯೇ ಮನೆ ಕಟ್ಟಿಕೊಂಡರು ಎಂದ. ಎಲ್ಲರೂ ಆ ಫೋಟೋದ ಫೋಟೋ ತೆಗೆದುಕೊಂಡರು. ನಿಮ್ಮಣ್ಣ ಮಾತ್ರ, "ತಿರುಗಿ ಬರಾಕ ಅವರಿಗೆ ನೆಲ ಇತ್ತಲ್ಲ" ಎಂದು ಹೊಳೆಯ ಕಡೆ ನಡೆದರು. ನಿನಗೆ ಗೊತ್ತೋ ಇಲ್ಲವೋ, ವಿಜಯಪುರ ದಾಟಿ ಮುಂದೆ ಹೋಗುವಾಗ ಕೊಲ್ಹಾರದ ಸೇತುವೆ ಬಂದರೆ ಅವರು ಪೇಪರ್ ಬಿಚ್ಚಿ ಮುಖಕ್ಕೆ ಹಿಡಿಯುತ್ತಾರೆ. ಇಲ್ಲಿ ತಾವಾಗಿಯೇ ಹೊಳೆಯ ಎದುರಿನ ಬೆಂಚಿನ ಮೇಲೆ ಕೂತರು. ನಾನು ಸುಗಂಧದ ಅಂಗಡಿಗೆ ಹೋಗಿ ಬರುತ್ತೇನೆ ಎಂದಾಗ ಹೂಂ ಎಂದರು. ಮೊಬೈಲು ನನ್ನ ಚೀಲದಲ್ಲೇ ಇತ್ತು.

ತಿರುಗಿ ಬಂದರೆ ಬೆಂಚು ಖಾಲಿ.

ಮೊದಲು ಸಿಟ್ಟು ಬಂತು. ಚಹಾ ಕುಡಿಯಲು ಹೋಗಿರಬೇಕು ಎಂದುಕೊಂಡೆ. ನಮ್ಮವರೆಲ್ಲ ದೋಣಿ ಹತ್ತುವ ಹೊತ್ತಾದರೂ ಸುಳಿವಿಲ್ಲ. ಅವರನ್ನು ದೋಣಿಗೆ ಕಳಿಸಿ ನಾನೂ ಶ್ರೀವಲ್ಲಭನೂ ಹುಡುಕಿದೆವು. ಚರ್ಚಿನ ಒಂದೊಂದು ಸಾಲು ಬೆಂಚು ನೋಡಿದೆ. ರೈಲು ನಿಲ್ದಾಣದಲ್ಲಿ ಯಾವುದೋ ಗಾಡಿ ಹತ್ತಿಬಿಟ್ಟರೇ ಎಂದು ಪ್ಲಾಟ್‌ಫಾರ್ಮುಗಳನ್ನೆಲ್ಲ ಸುತ್ತಿದೆ. ಸೇತುವೆಯ ಮೇಲೆ ಆ ಕೀಲಿಗಳ ಪಕ್ಕದಲ್ಲಿ ಓಡಿದೆ. ಆಮೇಲೆ ಕೆಳಗೆ ನೀರು ನೋಡಿದೆ. ನೋಡಬಾರದಿತ್ತು. ಬಂದಾಗಿನಿಂದ ನಿದ್ದೆ ಮಾಡದ ಮನುಷ್ಯ, ಯಾವುದರಲ್ಲೂ ಮನಸ್ಸಿಲ್ಲದ ಮನುಷ್ಯ ಎಂದು ಒಂದಕ್ಕೊಂದು ಕೂಡಿಸತೊಡಗಿದೆ.

ಪೊಲೀಸ್ ಹೆಣ್ಣುಮಗಳು ಬಂದಳು. ಯಾವ ಬಣ್ಣದ ಅಂಗಿ ಎಂದು ಕೇಳಿದಳು. ನನಗೆ ನೆನಪಾಗಲಿಲ್ಲ, ವಿಜಯಲಕ್ಷ್ಮಿ. ಬೆಳಿಗ್ಗೆ ಇಸ್ತ್ರಿ ಮಾಡಿ ಕೊಟ್ಟವಳು ನಾನೇ. ಮರೆವಿನ ಕಾಯಿಲೆ ಇದೆಯೇ ಎಂದಳು. ಇಲ್ಲ ಎಂದೆ. ಮನಸ್ಸಿಗೆ ಬೇಸರವೇನಾದರೂ ಇತ್ತೇ ಎಂದು ಶ್ರೀವಲ್ಲಭನ ಮೂಲಕ ಕೇಳಿಸಿದಳು. ಅವನು ಕನ್ನಡದಲ್ಲಿ ಕೇಳುವಾಗ ತಲೆ ತಗ್ಗಿಸಿದ. ಇದ್ದರೂ ನನಗೆ ಹೇಳುವವರಲ್ಲ ಎಂದೆ. ದೋಣಿಯಿಂದ ಇಳಿದು ಬಂದ ನಮ್ಮವರು ಮೊದಲು ಸಮಾಧಾನ ಹೇಳಿದರು, ಆಮೇಲೆ ಗಡಿಯಾರ ನೋಡಿದರು. ಡ್ರೈವರಿನ ಕೆಲಸದ ಹೊತ್ತು ಮುಗಿಯುತ್ತಿತ್ತು. ಅವರನ್ನು ಹೋಟೆಲಿಗೆ ಕಳಿಸಿ ಶ್ರೀವಲ್ಲಭ ನನ್ನ ಜೊತೆ ಕೂತ. "ಕಾಕೂ, ನೀರು ಕುಡೀರಿ" ಎಂದು ಮೇಲಿಂದ ಮೇಲೆ ಹೇಳುತ್ತಿದ್ದ.

ಇಲ್ಲಿ ಈ ದಿನಗಳಲ್ಲಿ ರಾತ್ರಿ ಊಟದ ಹೊತ್ತಾದರೂ ಬಿಸಿಲಿರುತ್ತದೆ. ಆ ಬಿಸಿಲಿನಲ್ಲೇ ಒಂದು ಬಿಳಿ ದೋಣಿ ಮೇಲಿನ ಊರುಗಳಿಂದ ಬಂದು ದಂಡೆಗೆ ನಿಂತಿತು. ಹಲಗೆಯ ಮೇಲೆ ಒಬ್ಬ ದಪ್ಪ ಗಂಡಸು ತನ್ನ ಮುದುಕಿ ತಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಇಳಿದ. ಅವನ ಹಿಂದೆ ಮಡಚಿದ ಗಾಲಿ ಕುರ್ಚಿ ಹಿಡಿದು ನಿಮ್ಮಣ್ಣ. ಕುರ್ಚಿ ಬಿಚ್ಚಿ ಇಟ್ಟರು. ಆ ಮುದುಕಿ ಕೂತು ಇವರ ಗಲ್ಲ ತಟ್ಟಿದಳು. ಆಮೇಲೆ ಇವರು ನನ್ನನ್ನು ನೋಡಿ, "ನೀ ಇನ್ನೂ ಇಲ್ಲೇ ಕುಂತೀಯೇನು?" ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಆದದ್ದು ಇಷ್ಟು. ದೋಣಿಗೆ ಹೋಗುವ ಹಲಗೆ ಕಡಿದಾಗಿತ್ತಂತೆ, ಗಾಲಿ ಕುರ್ಚಿ ಹತ್ತಲಿಲ್ಲವಂತೆ. ಮಗ ತಾಯಿಯನ್ನು ಎತ್ತಿಕೊಂಡ. ಅವಳು ಕೈಚೀಲದಿಂದ ಅವನ ಬೆನ್ನಿಗೆ ಹೊಡೆಯುತ್ತ ಬೈಯುತ್ತಿದ್ದಳಂತೆ, ಸುತ್ತಲಿನವರು ನಗುತ್ತಿದ್ದರಂತೆ. ಕುರ್ಚಿ ದಂಡೆಯ ಮೇಲೆಯೇ ಉಳಿಯಿತು. ಇವರು ಅದನ್ನು ಕೊಡಲೆಂದು ದೋಣಿಯೊಳಗೆ ಹೋದರು, ದೋಣಿ ಬಿಟ್ಟಿತು. ಮುಂದಿನ ಊರಿನಲ್ಲಿ ಇಳಿಯಬಹುದಿತ್ತು. "ಇಳಿಬೇಕು ಅನಸಲಿಲ್ಲ" ಎಂದರು. ಹೋದಲ್ಲಿಯವರೆಗೂ ಹೋಗಿ ಅದೇ ದೋಣಿಯಲ್ಲಿ ತಿರುಗಿ ಬಂದಿದ್ದಾರೆ.

ಶ್ರೀವಲ್ಲಭ ಪೊಲೀಸರಿಗೆ ತಿಳಿಸಲು ಹೋದಾಗ ಅವರು ಬೆಂಚಿನ ಮೇಲೆ ಕೂತು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಅವ್ವನ ನಾ ಎಳಕೊಂಡು ಬರಲಿಲ್ಲ, ಸುನಂದಾ. ಹೊತಗೊಂಡು ಹೋಗು ಅಂತ ಅಕೀನ ಹೇಳಿದ್ಲು. ಹಿಂದಿನ ದಿನ ಅಡಗಿಮನ್ಯಾಗ ಕರದು, 'ಎಲ್ಲಾರ ಮುಂದ ಆಣಿ ಹಾಕೇನಿ. ನನಗ ನೀರಿನ ಅಂಜಿಕಿ ಐತಿ ಅಂತ ಯಾವ ಬಾಯಿಲೆ ಹೇಳಲಿ? ನಾಳೆ ಬಂದು ನನ್ನ ಹೊತಗೊಂಡು ಹೋಗು. ನಾ ಬೈತೇನಿ, ಹೊಡಿತೇನಿ. ನೀ ಬಿಡಬ್ಯಾಡ' ಅಂದ್ಲು."

ಇಷ್ಟು ವರ್ಷ ಇದನ್ನು ನನಗೂ ಹೇಳಿರಲಿಲ್ಲ. ತಂಗಿಗಾದರೂ ಯಾಕೆ ಹೇಳಲಿಲ್ಲ ಎಂದೆ. "ಅವ್ವನ ಬಾಯಿ ಬಿದ್ದಿತ್ತು. ಬಾಯಿಲ್ಲದಾಕಿ ಮ್ಯಾಲೆ ನನ್ನ ತಪ್ಪು ಹಾಕಿದಂಗ ಆಗತಿತ್ತು. ವಿಜಿ ನಂಬತಿದ್ದಳೇನು?" ಎಂದರು. ನಿನ್ನ ಹೆಸರು ಬಂದಾಗ ಎದ್ದು ಹೋಗುವುದನ್ನು ನಾನು ಸಿಟ್ಟು ಎಂದುಕೊಂಡಿದ್ದೆ. ಅದು ಸಿಟ್ಟಲ್ಲ ಎಂದು ಅಂದು ನನಗೆ ತಿಳಿಯಿತು.

ನಾನು ನಿನಗೆ ಇದನ್ನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ನಿನ್ನ
ವೈನಿ


ಲುಸರ್ನ್
೧೫ ಜೂನ್ ೨೦೨೪

ವಿಜಯಲಕ್ಷ್ಮಿ,

ನನ್ನ ಪತ್ರ ನೀನು ಓದಿರುವುದು ಮೊಬೈಲಿನಲ್ಲಿ ಕಾಣುತ್ತದೆ. ಉತ್ತರವಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಅಂಗಡಿಯ ನಂಬರಿಗೆ ಮಾಡಿದರೆ, ನೀನು ಬೆಳಿಗ್ಗೆಯೇ ಎಲ್ಲಿಗೋ ಹೋಗಿದ್ದಿ ಎಂದು ನಿನ್ನ ಯಜಮಾನರು ಹೇಳಿದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿಲ್ಲ.

ಇಲ್ಲಿ ಹಿಮದ ಬೆಟ್ಟ ತೋರಿಸಿದರು. ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ನಿನ್ನೆ ಊಟಕ್ಕೆ ಕೂತಾಗ ತಡೆಯಲಾರದೆ, ನಾವಿಬ್ಬರೂ ಪತ್ರ ಬರೆದುಕೊಳ್ಳುತ್ತೇವೆ ಎಂದು ನಿಮ್ಮಣ್ಣನಿಗೆ ಹೇಳಿಬಿಟ್ಟೆ. ಅವರ ಮಾತನ್ನು ನಿನಗೆ ಬರೆದಿದ್ದನ್ನೂ ಹೇಳಿದೆ. ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸುತ್ತಾ "ಎಷ್ಟು ವರ್ಷದಿಂದ?" ಎಂದು ಕೇಳಿದರು. ಮೊದಲಿಂದಲೂ ಎಂದೆ. "ಅಕಿ ಏನ್ ಬರೀತಾಳ?" ಎಂದರು. ನಿನ್ನ ಅಂಗಡಿ, ನಿನ್ನ ಮೊಣಕಾಲು ನೋವು, ಮಗಳ ಓದು ಎಲ್ಲ ಹೇಳುತ್ತಾ ಹೋದೆ. ಕಾಲೇಜಿನಲ್ಲಿ ಹುಡುಗಿಗೆ ಮೊದಲ ನಂಬರು ಬಂದಿದ್ದನ್ನು ಎರಡು ಸಲ ಹೇಳಿಸಿಕೊಂಡರು.

ಈಗ ಅವರೂ ಮೊಬೈಲು ನೋಡುತ್ತಾರೆ, ನಾನೂ ನೋಡುತ್ತೇನೆ. ಬೈದಾದರೂ ಬರೆ.

ವೈನಿ


ಬಸವನ ಬಾಗೇವಾಡಿ
೧೭ ಜೂನ್ ೨೦೨೪

ಅಣ್ಣಾ,

ವೈನಿಯವರು ಈ ಪತ್ರವನ್ನು ನಿನ್ನ ಕೈಗೇ ಕೊಡಬೇಕು. ನಿನಗೆ ಬರೆಯುವಾಗ ಮೊದಲು ಏನು ಹಾಕಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ನಮಸ್ಕಾರ.

ನಾನು ನಂಬಲಿಲ್ಲ. ಅದನ್ನು ಮೊದಲೇ ಹೇಳುತ್ತೇನೆ. ವೈನಿಯ ಪತ್ರ ಓದಿ, ವಯಸ್ಸಾದ ಮೇಲೆ ತನಗೆ ಬೇಕಾದ ಕಥೆ ಕಟ್ಟಿಕೊಂಡಿದ್ದಾನೆ ಎಂದುಕೊಂಡೆ. ಅವ್ವ ನೀರಿಗೆ ಅಂಜುವವಳೇ? ದಿನಾ ಹೊಳೆಗೆ ಹೋಗಿ ಕೊಡ ತುಂಬಿ ತಂದವಳು. ಎರಡು ದಿನ ಅಂಗಡಿಯಲ್ಲಿ ಯಾರ ಮಾತೂ ಕಿವಿಗೆ ಬೀಳಲಿಲ್ಲ. ಮನೆಗೆ ಬಂದರೆ ಕೂರಲಾಗಲಿಲ್ಲ, ಅಡಿಗೆಮನೆಗೂ ಹಿತ್ತಲಿಗೂ ಅಡ್ಡಾಡಿದೆ. ಶನಿವಾರ ಯಾರಿಗೂ ಹೇಳದೆ ಕೊಲ್ಹಾರದ ಬಸ್ಸು ಹತ್ತಿದೆ.

ಹೊಳೆಯ ಮೇಲಿನ ಕಡೆ ಮಳೆ ಇನ್ನೂ ಆಗಿಲ್ಲ, ಹಿನ್ನೀರು ಬಹಳ ಕೆಳಗಿದೆ. ಹಳೆಯ ಊರಿನ ಕಲ್ಲು ಕಾಣುತ್ತಿವೆ, ರಾಡಿಯಲ್ಲಿ ಕಾಲು ಹೂಳುತ್ತದೆ. ನಮ್ಮ ಓಣಿ ಯಾವುದು ಎಂದು ನನಗೆ ಗುರುತು ಹತ್ತಲಿಲ್ಲ. ಮೇಲೆ ಹೊಸ ಊರಿಗೆ ಬಂದು ಜುಲ್ಫಿಕರನ ಮನೆ ಕೇಳಿದೆ. ಅವನು ಸೇತುವೆಯ ಹತ್ತಿರ ಮೀನಿನ ಅಂಗಡಿ ಇಟ್ಟಿದ್ದಾನೆ. ತಾಯಿ ಇನ್ನೂ ಇದ್ದಾಳೆ. ಕಣ್ಣು ಮಂಜಾಗಿವೆ, ಕಿವಿ ಚುರುಕು. ನನ್ನ ದನಿ ಕೇಳಿಯೇ "ಸಿದ್ದವ್ವನ ಮಗಳಲ್ಲ?" ಎಂದಳು. ಒಂದು ಬಟ್ಟಲು ಮೊಸರು ಕೊಡಿಸಿದಳು, ತಿನ್ನುವವರೆಗೂ ಮಾತು ಬೇಡ ಎಂದಳು.

ನಾನು ಸುತ್ತಿಬಳಸಿ ಕೇಳಲಿಲ್ಲ. ಅವ್ವನನ್ನು ಅಣ್ಣ ಹೊತ್ತುಕೊಂಡು ಹೋದ ದಿನದ ಬಗ್ಗೆ ನಿನಗೇನು ಗೊತ್ತು ಎಂದೆ. ಅವಳು ನಗಲು ಶುರು ಮಾಡಿದಳು. ಹಲ್ಲಿಲ್ಲದ ಬಾಯಿ ಸೆರಗಿನಿಂದ ಮುಚ್ಚಿಕೊಂಡು ನಕ್ಕಳು.

"ನಮಗೆಲ್ಲಾ ಗೊತ್ತಿತ್ತಲ್ಲವಾ. ನಿಮ್ಮವ್ವನ ನನಗ ಆ ಹಾದಿ ತೋರಿಸಿದ್ಲು. ಮರುದಿನ ನಮ್ಮ ಜುಲ್ಫಿಕರ ನನ್ನ ಹೊತ್ತ, ನಾ ಅವನ ಕಿವಿ ಕಚ್ಚಿದೆ. ಮತ್ತ ಉಳದಾಕೆರೂ ಹಂಗ ಒಬ್ಬೊಬ್ಬರ ಮಗಾ ಹೊತ್ತ. ಆಣಿ ಹಾಕಿದವರು ತಾವಾಗಿ ನಡದು ಹ್ಯಾಂಗ ಬರಬೇಕು ಹೇಳು? ಖರೇ ಅಂತ ನಂಬಿದಾಕಿ ಇಡೀ ಓಣಿಯೊಳಗ ನೀ ಒಬ್ಬಾಕಿನ."

ಮತ್ತೆ ಅವಳೇ ಹೇಳಿದಳು, ಹಿಂದಿನ ಮಳೆಗಾಲದಲ್ಲಿ ಹೊಳೆ ಬಂದು ರಾತ್ರೋರಾತ್ರಿ ನಮ್ಮ ಹಿತ್ತಲಿನ ಎಮ್ಮೆ ಕೊಚ್ಚಿಕೊಂಡು ಹೋದಾಗಿನಿಂದ ಅವ್ವ ನೀರಿನ ಸಪ್ಪಳ ಕೇಳಿದರೆ ಎದ್ದು ಕೂರುತ್ತಿದ್ದಳಂತೆ. ಎಮ್ಮೆ ಹೋಗಿದ್ದು ನನಗೆ ಗೊತ್ತಿತ್ತು. ಅಂಜಿಕೆ ಗೊತ್ತಿರಲಿಲ್ಲ. ತವರಿಗೆ ಬಂದ ಮಗಳಿಗೆ ಅವ್ವ ಅಂಜಿಕೆ ತೋರಿಸುತ್ತಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಆ ದಿನವನ್ನು ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಅವಳು ಒಂದು ಕೈಯಿಂದ ನಿನ್ನ ಬೆನ್ನಿಗೆ ಗುದ್ದುತ್ತಿದ್ದಳು. ಇನ್ನೊಂದು ಕೈ ನಿನ್ನ ಅಂಗಿಯ ಕಾಲರನ್ನು ಗಟ್ಟಿಯಾಗಿ ಹಿಡಿದಿತ್ತು. ಅದನ್ನು ನಾನು ಅಂದೇ ನೋಡಿದ್ದೆ.

ನನಗೆ ಸಮಾಧಾನವಾಗಿದೆ ಎಂದು ತಿಳಿಯಬೇಡ. ಸಿಟ್ಟು ಬರುತ್ತಿದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಅವ್ವನ ಮೇಲೆ ಬರುತ್ತದೆ. ಓಣಿಯ ಮುದುಕಿಯರ ಮುಂದೆ ಮಾನ ಉಳಿಸಿಕೊಂಡಳು, ನನಗೆ ಅಣ್ಣ ಇಲ್ಲದ ಹಾಗೆ ಮಾಡಿದಳು. ನಿನ್ನ ಮೇಲೂ ಬರುತ್ತದೆ. ಕೊಂದಿ ಎಂದವಳ ಕಪಾಳಕ್ಕೆ ಒಂದು ಬಿಗಿದು ಹೇಳಬಾರದಿತ್ತೇ? ನನ್ನ ಮಗಳು ಮಾವನ ತೊಡೆಯ ಮೇಲೆ ಕೂರದೆ ಬೆಳೆದಳಲ್ಲೋ.

ಸಂಗಮೇಶನಿಗೆ ಫೋನ್ ಮಾಡಿ, ಮದುವೆಗೆ ಊಟಕ್ಕೆ ಬಂದರೆ ಸಾಕು ಎಂದು ಹೇಳಿದೆ. ಅವನು ಒಪ್ಪಿದ. ನಿನ್ನನ್ನು ನಾನು ಮದುವೆಗೆ ಕರೆಯುವುದಿಲ್ಲ. ಸೋದರಮಾವನನ್ನು ಯಾರೂ ಕರೆಯಬೇಕಾಗಿಲ್ಲ, ಎಂಟು ದಿನ ಮುಂಚೆ ಬಂದು ಚಪ್ಪರ ಹಾಕಿಸಬೇಕು.

ಒಂದು ಮಾತು ಮಾತ್ರ ಕೇಳಬೇಕು, ಅದಿಲ್ಲದೆ ನಿದ್ದೆ ಬರುತ್ತಿಲ್ಲ. ನಾನು ಹಿಂದೆ ಬಿದ್ದೆ, ಜೀಪು ದಿಬ್ಬ ಏರಿ ಹೋಯಿತು. ಆಮೇಲೆ ಒಳಗೆ ಅವ್ವ ನಿನಗೆ ಏನಂದಳು?

ನಿನ್ನ ತಂಗಿ
ವಿಜಿ


ರೋಮ್
೧೮ ಜೂನ್ ೨೦೨೪

ತಂಗಿ ವಿಜಿಗೆ ಆಶೀರ್ವಾದಗಳು.

ಪತ್ರ ಓದಿದೆ. ಸುನಂದಾ ಎದುರಿಗೆ ಕೂತಿದ್ದಾಳೆ, ಬರೆದು ಮುಗಿಸುವವರೆಗೂ ಏಳುವುದಿಲ್ಲವಂತೆ. ಇಂದು ಇಲ್ಲಿ ಏನೇನೋ ನೋಡುವುದಿತ್ತು. ನಾವು ಹೋಗಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ದಿಬ್ಬ ಏರುವವರೆಗೂ ಅವ್ವ ಚೀರುತ್ತಲೇ ಇದ್ದಳು. ಊರು ಮರೆಯಾದ ಮೇಲೆ ಸುಮ್ಮನಾಗಿ, ಸೆರಗಿನಿಂದ ಮುಖ ಒರೆಸಿಕೊಂಡು, "ಎಲ್ಲಾರೂ ನೋಡಿದ್ರಿಲ್ಲೋ?" ಎಂದು ಕೇಳಿದಳು. ನೋಡಿದರು ಎಂದೆ. "ಭಾಳ ಜೋರಾಗಿ ಹೊಡದೆನೇನು?" ಎಂದು ನನ್ನ ಬೆನ್ನು ಸವರಿದಳು. ಡ್ರೈವರ್ ನಕ್ಕ, ಅವಳೂ ನಕ್ಕಳು. ಅವ್ವ ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ಆ ವರ್ಷ ನೋಡಿರಲಿಲ್ಲ.

ಆಮೇಲೆ, "ವಿಜಿ ಯಾಕ ಹಂಗ ಅಳಕೋತ ಓಡಿ ಬಂದ್ಲು?" ಎಂದಳು. ನೀನು ಅಂದು ಬರುತ್ತೀ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಅವಳು ನಿನಗೆ ಹೇಳಿರಬೇಕೆಂದು ನಾನು ತಿಳಿದಿದ್ದೆ, ಜೀಪಿನಿಂದ ಇಳಿದವನೇ ನಾನು ಹೇಳಿರಬೇಕೆಂದು ಅವಳು ತಿಳಿದಿದ್ದಳು. "ಪಾಪ, ಕೂಸು ಖರೇ ಅಂತ ತಿಳಕೊಂಡೈತಿ" ಎಂದು ಹಿಂದೆ ತಿರುಗಿ ನೋಡಿದಳು. "ನೀ ಏನೂ ಹೇಳಬ್ಯಾಡ. ನಿನಗ ಹೇಳಾಕ ಬರಂಗಿಲ್ಲ. ಶೆಡ್ಡಿನ್ಯಾಗ ಒಲಿ ಹೂಡಿದ ಮ್ಯಾಲೆ ಬಾಗೇವಾಡಿಗೆ ಕರಕೊಂಡು ಹೋಗು, ನಾನ ಹೇಳ್ತೇನಿ. ಅಕಿ ಹೊಟ್ಟಿ ಹಿಡಕೊಂಡು ನಗಬೇಕು, ಹಂಗ ಹೇಳ್ತೇನಿ" ಎಂದಳು.

ಒಲೆ ಹೂಡುವುದರಲ್ಲಿ ಎರಡು ದಿನ ಹೋಯಿತು.

ಬಾಯಿ ಬಿದ್ದ ಮೇಲೆ ನೀನು ಆಸ್ಪತ್ರೆಗೆ ಬಂದಾಗಲೆಲ್ಲ ಅವಳು ನಿನ್ನ ಮುಖ ನೋಡಿ ತುಟಿ ಆಡಿಸುತ್ತಿದ್ದಳು. ನನಗೆ ಗೊತ್ತಿತ್ತು ಏನು ಹೇಳಲು ಹೆಣಗುತ್ತಿದ್ದಾಳೆಂದು. ಅವಳ ಮಾತನ್ನು ನಾನು ಹೇಳಬಹುದಿತ್ತು. ಆದರೆ ಅವಳು ನಿನ್ನನ್ನು ನಗಿಸಿ ಹೇಳುತ್ತಿದ್ದಳು, ವಿಜಿ. ನನಗೆ ಆಗ ಹಾಗೆ ಹೇಳಲು ಬರಲಿಲ್ಲ, ಈಗಲೂ ಬರುವುದಿಲ್ಲ.

ನಿನ್ನ ಅಣ್ಣ
ಸಿದ್ದಾರೂಢ